ಸಲೀಂ ಅಲಿ ಕಥೆಗಳ ಬೆಳಗಿನ ನಡಿಗೆ: ತಲೆಗೆ 750 ರೂಪಾಯಿ ವಸೂಲಾಯಿತೇ?

ಶ್ರೀರಂಗಪಟ್ಟಣದ ಸುತ್ತಮುತ್ತ ಹಕ್ಕಿ ತೋರಿಸಲು ಕರೆದೊಯ್ಯುವವರಿಗೆ ಈಗ ಬರವಿಲ್ಲ. ಆದರೆ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ನಡೆಸುವ ಈ ನಡಿಗೆಯ ಕರಾರೇ ಬೇರೆ. ಇಂಥ ಹಕ್ಕಿ ಕಾಣಿಸಿಯೇ ತೀರುತ್ತೇನೆ ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಪಕ್ಷಿತಜ್ಞ ಸಲೀಂ ಅಲಿಯವರ ಬದುಕಿನಿಂದ ನೀವು ಕೇಳಿರದ ನಾಲ್ಕಾರು ಸಂಗತಿಗಳನ್ನು ಹೇಳುತ್ತೇನೆ ಎನ್ನುವುದಷ್ಟೇ ಭರವಸೆ. ತಲೆಗೆ 750 ರೂಪಾಯಿ, ಮಕ್ಕಳಿಗೆ ಅರ್ಧ, ತಿಂಡಿ ಕಾಫಿ ಅದರಲ್ಲೇ ಸೇರಿದೆ. ಬೈನಾಕ್ಯುಲರ್ ಇಲ್ಲದವರಿಗೆ ಅವರೇ ಎರವಲು ಕೊಡುತ್ತಾರೆ. ಜೊತೆಗೆ ಒಂದು ತೆಳು ನೋಟ್ ಪುಸ್ತಕ, ಒಂದು ಪೆನ್ಸಿಲ್. ಅದು ಯಾಕೆಂದು ಆಮೇಲೆ ಹೇಳುತ್ತೇನೆ.

ನಾನು ಲೆಕ್ಕ ತಪಾಸಣೆಯಲ್ಲೇ ಕೂದಲು ನರೆಸಿಕೊಂಡು ನಿವೃತ್ತಳಾದವಳು. ಯಾರಾದರೂ ರಸವತ್ತಾಗಿ ಕಥೆ ಹೇಳತೊಡಗಿದರೆ 'ವೋಚರ್ ಎಲ್ಲಿದೆ?' ಎಂದು ಕೇಳುವ ಚಟ ಇನ್ನೂ ಬಿಟ್ಟಿಲ್ಲ. ದೊಡ್ಡವರ ಬದುಕಿನ ಸ್ವಾರಸ್ಯಗಳೆಂದರೆ ನನಗೆ ಮೊದಲಿನಿಂದಲೂ ಅನುಮಾನ. ಹೇಳುವವರ ಬಾಯಿಂದ ಬಾಯಿಗೆ ಅವು ಬೆಳೆಯುತ್ತಾ ಹೋಗುತ್ತವೆ, ಕೊನೆಗೆ ಮನುಷ್ಯ ಮರೆಯಾಗಿ ವಿಗ್ರಹ ಉಳಿಯುತ್ತದೆ. ಸಲೀಂ ಅಲಿಯವರ ಆತ್ಮಕಥೆಯನ್ನು ಓದಿದ್ದರಿಂದ ಮೇಷ್ಟ್ರ ಮಾತನ್ನು ಪಕ್ಕಕ್ಕಿಟ್ಟು ತಾಳೆ ನೋಡುವುದು ನನಗೆ ಕಷ್ಟವಾಗಲಿಲ್ಲ. ಆದ್ದರಿಂದ ಇದನ್ನು ವಿಮರ್ಶೆ ಎನ್ನುವುದಕ್ಕಿಂತ ತಪಾಸಣಾ ವರದಿ ಎಂದುಕೊಂಡೇ ಓದಬಹುದು.

ನಾವು ಹೋದದ್ದು ಮಳೆಗಾಲದ ನಡುವೆ. ಕೆ.ಆರ್.ಎಸ್. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರಿಂದ ರಂಗನತಿಟ್ಟಿನ ದೋಣಿ ವಿಹಾರ ನಿಂತಿತ್ತು. ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಹೊಳೆ ತುಂಬಿದಾಗ ಹೀಗಾಗುವುದು ಸಹಜ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಮೇಷ್ಟ್ರು ಮೊದಲೇ ಫೋನ್ ಮಾಡಿ, 'ದೋಣಿ ಇಲ್ಲಮ್ಮ, ನಾಲೆಯ ಕಡೆ ನಡೆಯೋಣ, ಬೇಡವೆಂದರೆ ದುಡ್ಡು ವಾಪಸ್' ಎಂದಿದ್ದರು. ಈ ನೇರವಂತಿಕೆಗೆ ಒಂದು ಅಂಕ.

ಆರಂಭ ಮಾತ್ರ ಸಪ್ಪೆ. ನಾಲೆಯ ಏರಿಯ ಮೇಲೆ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹಳದಿ ಕತ್ತಿನ ಗುಬ್ಬಿಯ ಕಥೆ ಶುರು ಮಾಡಿದರು. ಬಾಲಕ ಸಲೀಂ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡದ್ದು, ಇದನ್ನು ತಿನ್ನಬಹುದೇ ಎಂದು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರನ್ನು ಕೇಳಿದ್ದು, ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡ್ ಬಳಿಗೆ ಕಳಿಸಿದ್ದು, ಅಲ್ಲಿ ಮಿಲಾರ್ಡ್ ಸಾಹೇಬರು ಹುಡುಗನಿಗೆ ಹಕ್ಕಿಗಳ ಸಂಗ್ರಹವನ್ನೇ ತೆರೆದು ತೋರಿಸಿದ್ದು. ಹಕ್ಕಿಗಳ ವಿಷಯದಲ್ಲಿ ಒಂದಿಷ್ಟು ಆಸಕ್ತಿ ಇರುವವರಿಗೆಲ್ಲ ಇದು ಗೊತ್ತು. 'ಕೇಳಿರದ ಸಂಗತಿ' ಎಂದು ದುಡ್ಡು ಪಡೆದು ಇದನ್ನೇ ಹೇಳಿದರೆ ಹೇಗೆ? ಸಾಲದ್ದಕ್ಕೆ ಮಿಲಾರ್ಡ್ ಹುಡುಗನ ಬೆನ್ನು ತಟ್ಟಿ ಏನೇನು ಹೇಳಿದರೆಂದು ಮೇಷ್ಟ್ರು ಸಂಭಾಷಣೆಯನ್ನೇ ನುಡಿಸಿದರು, ಧ್ವನಿ ಬದಲಿಸಿ, ನಾಟಕದ ಹಾಗೆ. ಆ ಮಾತುಗಳಿಗೆ ವೋಚರ್ ಇಲ್ಲ.

ಆದರೆ ಅದೇ ಉಸಿರಿನಲ್ಲಿ ಅವರು ಹೇಳಿದ ಎರಡನೆಯ ಗುಬ್ಬಿಯ ಕಥೆ ನನ್ನ ಕಿವಿ ನಿಮಿರಿಸಿತು. ಹತ್ತು ವರ್ಷದ ಹುಡುಗನಾಗಿದ್ದಾಗ ಸಲೀಂ ಬರೆದಿಟ್ಟ ಒಂದು ಟಿಪ್ಪಣಿ ಅದು. ಗೋಡೆಯ ತೂತೊಂದರಲ್ಲಿ ಹೆಣ್ಣು ಗುಬ್ಬಿ ಮೊಟ್ಟೆಗೆ ಕಾವು ಕೊಡುತ್ತಿದೆ, ತೂತಿನ ಪಕ್ಕದ ಮೊಳೆಯ ಮೇಲೆ ಗಂಡು ಕೂತಿದೆ. ಹುಡುಗ ಕುದುರೆ ಗಾಡಿಯ ಮರೆಯಲ್ಲಿ ಅಡಗಿ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿನಲ್ಲೇ ಹೆಣ್ಣು ಇನ್ನೊಂದು ಗಂಡನ್ನು ಕರೆತಂದಿತು, ಅದೂ ಬಂದು ಅದೇ ಮೊಳೆಯ ಮೇಲೆ ಕೂತಿತು. ಅದನ್ನೂ ಹೊಡೆದ. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗಳು. ಪ್ರತಿ ಸಲವೂ ಹೊಸ ಗಂಡು ಹಾಜರ್.

ನಮ್ಮ ಗುಂಪಿನಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು, 'ಎಂಟನ್ನೂ ಸಾಯಿಸಿಬಿಟ್ಟರಾ ತಾತಾ?' ಎಂದಳು. ಅವಳ ತಾಯಿಯ ಮುಖ ಗಂಟಾಯಿತು. ಇಂಥ ಜಾಗದಲ್ಲಿ ಬೇರೆ ಯಾರಾದರೂ ಆಗಿದ್ದರೆ ಆಮೇಲೆ ಪಶ್ಚಾತ್ತಾಪವಾಯಿತು, ಬಂದೂಕು ಎಸೆದರು ಎಂದು ಒಂದು ಸುಳ್ಳು ಬಾಲ ಅಂಟಿಸುತ್ತಿದ್ದರು. ಮೇಷ್ಟ್ರು ಅಂಟಿಸಲಿಲ್ಲ. 'ಹೌದು ಪುಟ್ಟಿ, ಸಾಯಿಸಿದರು. ದೊಡ್ಡವರಾದ ಮೇಲೂ ವಸ್ತುಸಂಗ್ರಹಾಲಯಕ್ಕೆಂದು ಹಕ್ಕಿ ಹೊಡೆದರು, ಅದು ಬೇಕೆಂದೇ ವಾದಿಸಿದರು. ನೀನು ಒಪ್ಪಬೇಕೆಂದೇನಿಲ್ಲ. ಆದರೆ ಆ ಹುಡುಗ ಮೊಳೆ ಎಲ್ಲಿತ್ತು ಎಂಬುದನ್ನೂ ಬರೆದಿಟ್ಟ, ನೋಡು' ಎಂದರು. ಸಲೀಂ ಅಲಿ ಮುಪ್ಪಿನಲ್ಲಿ ಆತ್ಮಕಥೆ ಬರೆದಾಗ ಈ ಟಿಪ್ಪಣಿಯನ್ನು ಬಚ್ಚಿಡದೆ ಅಚ್ಚು ಹಾಕಿಸಿದರು. ವೋಚರ್ ಸಮೇತ ಇರುವ ಕಥೆ. ನಾನು ಪೂರ್ತಿ ಅಂಕ ಕೊಟ್ಟೆ. ಆ ತಾಯಿ ಏನು ಕೊಟ್ಟರೋ ತಿಳಿಯದು. ತಿಂಡಿಯ ಹೊತ್ತಿಗೂ ಅವರ ಮುಖ ಸಡಿಲವಾಗಿರಲಿಲ್ಲ.

ಇನ್ನು ನನಗೆ ಖಾಸಗಿಯಾಗಿ ಖುಷಿ ಕೊಟ್ಟ ಒಂದು ಸಣ್ಣ ಸಂಗತಿ. ಸಲೀಂ ಅಲಿ ಕಾಲೇಜಿನ ಮೊದಲ ವರ್ಷವೇ ಎಡವಿ, ಓದು ಬಿಟ್ಟು, ಮನೆಯವರ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಬರ್ಮಾದ ತವೊಯ್‌ಗೆ ಹೋದವರು. 1917ರಲ್ಲಿ ವಾಪಸ್ ಬಂದು ಸೇರಿದ್ದು ಎಲ್ಲಿಗೆ? ಮುಂಬೈಯ ದಾವರ್ಸ್ ವಾಣಿಜ್ಯ ಕಾಲೇಜಿಗೆ, ವಾಣಿಜ್ಯ ಕಾನೂನು ಮತ್ತು ಲೆಕ್ಕಶಾಸ್ತ್ರ ಕಲಿಯಲು! ಸೇಂಟ್ ಝೇವಿಯರ್ಸ್‌ನ ಫಾದರ್ ಬ್ಲಾಟರ್ ಇವರ ಒಲವನ್ನು ಗುರುತಿಸಿ ಪ್ರಾಣಿಶಾಸ್ತ್ರದ ತರಗತಿಗೆ ಎಳೆದುಕೊಳ್ಳದೇ ಹೋಗಿದ್ದರೆ ಅವರು ನಮ್ಮ ಪಂಗಡದವರೇ ಆಗಿಬಿಡುತ್ತಿದ್ದರು. ಮೇಷ್ಟ್ರು ಇದನ್ನು ಒಂದೇ ವಾಕ್ಯದಲ್ಲಿ ದಾಟಿಸಿದರು. ನಾನು ತಡೆದು ಎರಡನೆಯ ಸಲ ಹೇಳಿಸಿದೆ.

ಈ ಇಡೀ ನಡಿಗೆಯ ಹೃದಯ ಇರುವುದು ನಾಲೆಯ ಪಕ್ಕದ ಈಚಲು ಮರಗಳ ಹತ್ತಿರ. ಅಲ್ಲಿ ಗೀಜಗನ ಗೂಡುಗಳು ತೂಗುತ್ತಿದ್ದವು. ಕೆಲವು ಪೂರ್ತಿಯಾದವು, ಕೆಲವು ಅರೆಬರೆ. ಒಂದು ಕಡೆ ಕಬ್ಬಿನ ಗದ್ದೆ, ಇನ್ನೊಂದು ಕಡೆ ನೀರು. ಗೀಜಗನಿಗೆ ಬೇಕಾದ ನಾರೂ ಇದೆ, ಹಾವು ಹತ್ತದಂಥ ಜಾಗವೂ ಇದೆ. ಮೇಷ್ಟ್ರು ನಮ್ಮನ್ನು ಏರಿಯ ಮೇಲೆ ಕೂರಿಸಿ, ಒಂದು ಮಾತೂ ಹೇಳದೆ, 'ಹದಿನೈದು ನಿಮಿಷ ಕಂಡದ್ದನ್ನು ಬರೆಯಿರಿ. ಅನಿಸಿದ್ದನ್ನು ಬರೆಯಬೇಡಿ' ಎಂದರು. ನೋಟ್ ಪುಸ್ತಕ ಕೊಟ್ಟದ್ದು ಇದಕ್ಕೆ.

ಅರಿಶಿನ ಬಣ್ಣದ ನೆತ್ತಿಯ ಗಂಡೊಂದು ಕಬ್ಬಿನ ಗರಿಯ ಅಂಚನ್ನು ಕಚ್ಚಿ ಸೀಳು ಮಾಡಿಕೊಂಡಿತು. ಆ ಸೀಳಿನ ತುದಿಯನ್ನು ಕೊಕ್ಕಿನಲ್ಲಿ ಹಿಡಿದು ಹಾಗೇ ಹಾರಿಬಿಟ್ಟಿತು. ಹಾರಿದ ರಭಸಕ್ಕೆ ಗರಿಯ ಉದ್ದಕ್ಕೂ ಒಂದು ನಾರು ಸರ್ರನೆ ಸೀಳಿಕೊಂಡು ಬಂತು. ಗೂಡಿಗೆ ಬಂದು, ಕಾಲಿನಿಂದ ಹಳೆಯ ಹೆಣಿಗೆಯನ್ನು ಒತ್ತಿ ಹಿಡಿದು, ನಾರನ್ನು ಒಳಕ್ಕೆ ತೂರಿಸಿ ಆಚೆಯಿಂದ ಎಳೆಯಿತು. ಗೂಡು ಇನ್ನೂ ಅರ್ಧ ಮಾತ್ರ. ಮೇಲೆ ಗುಮ್ಮಟ, ಕೆಳಗೆ ಅಡ್ಡಕ್ಕೆ ಒಂದು ಪಟ್ಟಿ. ಆಗ ಹೆಣ್ಣೊಂದು ಬಂದು ಆ ಪಟ್ಟಿಯ ಮೇಲೆ ಕೂತಿತು. ಗಂಡು ರೆಕ್ಕೆ ಬಡಿದು ಕಿರುಚಾಡಿತು. ಹೆಣ್ಣು ಒಳಗೆ ಕತ್ತು ಹಾಕಿ, ಒಂದೆರಡು ನಾರನ್ನು ಜಗ್ಗಿ ನೋಡಿ, ಪಕ್ಕದ ಗೂಡಿಗೆ ಹಾರಿಹೋಯಿತು. ಗಂಡು ಮತ್ತೆ ಕಬ್ಬಿನ ಗದ್ದೆಗೆ.

ಬರೆದು ಮುಗಿದ ಮೇಲೆ ಮೇಷ್ಟ್ರು ಕಥೆ ಹೇಳಿದರು. ಪದವಿ ಇಲ್ಲವೆಂಬ ಕಾರಣಕ್ಕೆ ಸಲೀಂ ಅಲಿಗೆ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯಲ್ಲಿ ಪಕ್ಷಿತಜ್ಞರ ಹುದ್ದೆ ಸಿಗಲಿಲ್ಲ. 1926ರಲ್ಲಿ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ, ಬಂದವರಿಗೆ ವಿವರಣೆ ಕೊಡುವ ಕೆಲಸ ಸಿಕ್ಕಿತು, ತಿಂಗಳಿಗೆ 350 ರೂಪಾಯಿ. ರಜೆ ಹಾಕಿ ಬರ್ಲಿನ್‌ಗೆ ಹೋಗಿ ಪ್ರೊಫೆಸರ್ ಸ್ಟ್ರೆಸೆಮಾನ್ ಬಳಿ ಪಕ್ಷಿಶಾಸ್ತ್ರ ಕಲಿತರು. 1930ರಲ್ಲಿ ಹೊಸ ವಿದ್ಯೆಯೊಂದಿಗೆ ಮರಳಿದರೆ, ದುಡ್ಡಿಲ್ಲವೆಂದು ಆ ಹುದ್ದೆಯನ್ನೇ ರದ್ದು ಮಾಡಿದ್ದರು! ಕೆಲಸ ಕಳೆದುಕೊಂಡ ಗಂಡ, ಜೊತೆಗೆ ಹೆಂಡತಿ ತೆಹ್ಮಿನಾ, ಮುಂಬೈ ಬಿಟ್ಟು ಅಲಿಬಾಗ್ ಹತ್ತಿರದ ಕಿಹಿಮ್ ಎಂಬ ಕಡಲ ತಡಿಯ ಹಳ್ಳಿಗೆ ಹೋದರು. ಅಲ್ಲಿ ಮರದ ತುಂಬ ಗೀಜಗನ ಗೂಡುಗಳು, ಇವರಿಗೆ ಕೈತುಂಬ ಹೊತ್ತು. ದಿನವೂ ಕೂತು ನೋಡಿದರು, ಬರೆದರು.

ಗಂಡು ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣುಗಳು ಬಂದು ಪರೀಕ್ಷಿಸುತ್ತವೆ. ಒಂದು ಒಪ್ಪಿದರೆ ಮಾತ್ರ ಗಂಡು ಮೊಟ್ಟೆಯ ಕೋಣೆಯನ್ನೂ ಇಳಿಬಿದ್ದ ಕೊಳವೆಯನ್ನೂ ಪೂರ್ತಿ ಮಾಡುತ್ತದೆ. ಆ ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತ ಮೇಲೆ ಈತ ಸುಮ್ಮನಿರುವುದಿಲ್ಲ, ಇನ್ನೊಂದು ಗೂಡು, ಇನ್ನೊಂದು ಹೆಣ್ಣು. ಒಂದಾದ ಮೇಲೊಂದರಂತೆ ಸಂಸಾರ ಹೂಡುವ ಈ ಕ್ರಮವನ್ನು ಕಿಹಿಮ್‌ನಲ್ಲಿ ಕಂಡುಕೊಂಡದ್ದೇ ಸಲೀಂ ಅಲಿಗೆ ಹೆಸರು ತಂದ ಮೊದಲ ದೊಡ್ಡ ಕೆಲಸ. ನಿರುದ್ಯೋಗದ ಕೊಡುಗೆ! ಹದಿನೈದು ನಿಮಿಷದ ಹಿಂದೆ ನಾವೇ ಬರೆದುಕೊಂಡ ಸಾಲುಗಳಲ್ಲಿ ಅದರ ಅರ್ಧ ಭಾಗ ಆಗಲೇ ಇತ್ತು. ಹೆಣ್ಣು ನಾರು ಜಗ್ಗಿ ಹೋದದ್ದನ್ನು ಎಲ್ಲರೂ ಬರೆದಿದ್ದರು, ಅದು ಯಾಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಕಥೆಯನ್ನು ಹೇಳುವ ಮೊದಲು ಸಾಕ್ಷ್ಯವನ್ನು ಕೈಗೆ ಕೊಡುವ ಈ ಕ್ರಮಕ್ಕೆ ನಾನು ಮನಸೋತೆ. 750 ರೂಪಾಯಿಯಲ್ಲಿ 500 ಇದಕ್ಕೇ ಸಂದಾಯವಾಯಿತೆಂದು ನನ್ನ ಲೆಕ್ಕ.

ಗೂಡಿನೊಳಗೆ ಹಸಿ ಮಣ್ಣು ಮೆತ್ತಿ ಅದಕ್ಕೆ ಮಿಣುಕುಹುಳ ಅಂಟಿಸಿ ದೀಪ ಮಾಡಿಕೊಳ್ಳುತ್ತದಂತಲ್ಲ ಎಂದು ಗುಂಪಿನಲ್ಲಿ ಯಾರೋ ಕೇಳಿದರು. ನಮ್ಮ ಅಜ್ಜಿಯೂ ಹೇಳುತ್ತಿದ್ದ ಮಾತು. ಮಣ್ಣು ಮೆತ್ತುವುದು ನಿಜ, ದೀಪ ಸುಳ್ಳು ಎಂದು ಮೇಷ್ಟ್ರು ಎರಡೇ ಮಾತಿನಲ್ಲಿ ಮುಗಿಸಿದರು.

ಮುಂದಿನದು ಮೋಟಾರ್ ಸೈಕಲ್ ಪ್ರಕರಣ. ಇಲ್ಲಿ ನನಗೂ ನಮ್ಮ ಯಜಮಾನರಿಗೂ ಭಿನ್ನಾಭಿಪ್ರಾಯವಿದೆ. ಅವರು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಹಳೆಯ ಗಾಡಿಯನ್ನು ಇಂದಿಗೂ ಒರೆಸಿ ಇಟ್ಟುಕೊಂಡಿರುವ ಜನ. ಸಲೀಂ ಅಲಿಗೂ ಬೈಕ್ ಹುಚ್ಚಿತ್ತು, ಬರ್ಮಾದಲ್ಲಿ ಎನ್‌ಎಸ್‌ಯು ಗಾಡಿಯಿಂದ ಶುರುವಾಗಿ ಹಾರ್ಲೆ ಡೇವಿಡ್‌ಸನ್, ಡಗ್ಲಸ್, ಸ್ಕಾಟ್, ಝೆನಿತ್ ಎಂದು ಸಾಲುಗಟ್ಟಿದ್ದವು ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಯಜಮಾನರೂ ಮೇಷ್ಟ್ರೂ ಅಲ್ಲೇ ನಿಂತುಬಿಟ್ಟರು. ಹಕ್ಕಿ ಅತ್ತ ಹೋಯಿತು, ಬೆಳಗಿನ ತಂಪೂ ಹೋಯಿತು. ಹತ್ತಾರು ಜನ ದುಡ್ಡು ಕೊಟ್ಟು ಬಂದಿರುವಾಗ ಇಬ್ಬರ ಹವ್ಯಾಸಕ್ಕೆ ಇಷ್ಟು ಹೊತ್ತು ತೆಗೆದಿಡುವುದು ಸರಿಯಲ್ಲ.

ಅದಕ್ಕಿಂತ ಮುಖ್ಯ ಆಕ್ಷೇಪಣೆ ಇನ್ನೊಂದಿದೆ. '1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆದ ಅಂತರರಾಷ್ಟ್ರೀಯ ಪಕ್ಷಿಶಾಸ್ತ್ರ ಸಮ್ಮೇಳನಕ್ಕೆ ಸಲೀಂ ಅಲಿ ಭಾರತದಿಂದ ಬೈಕಿನಲ್ಲೇ ಹೋದರು' ಎಂದು ಮೇಷ್ಟ್ರು ಘೋಷಿಸಿದರು. ಎಲ್ಲರೂ ಹೋ ಎಂದರು. ವಾಸ್ತವದಲ್ಲಿ ಅವರು ತಮ್ಮ ಸನ್‌ಬೀಮ್ ಬೈಕನ್ನು ಮುಂಬೈಯಲ್ಲಿ 'ಸ್ಟ್ರಾಥೆಡನ್' ಹಡಗಿಗೆ ಹೇರಿಸಿಕೊಂಡು ಹೋದದ್ದು. ಓಡಿಸಿದ್ದು ಯುರೋಪಿನ ರಸ್ತೆಗಳಲ್ಲಿ. ಫ್ರಾನ್ಸ್‌ನಲ್ಲಿ ಒಂದು ಸಣ್ಣ ಅಪಘಾತದಲ್ಲಿ ಗಾಯ ಮಾಡಿಕೊಂಡರು, ಜರ್ಮನಿಯ ಕಲ್ಲು ಹಾಸಿನ ಬೀದಿಗಳಲ್ಲಿ ಜಾರಿ ಬಿದ್ದರು, ಮೊದಲ ಗೋಷ್ಠಿಯ ಹೊತ್ತಿಗೆ ಸರಿಯಾಗಿ ಗಂಟುಮೂಟೆ ಹೇರಿದ ಬೈಕಿನ ಮೇಲೆ ಉಪ್ಸಾಲಾ ತಲುಪಿದರು. ಅದನ್ನು ಕಂಡವರು ಭಾರತದಿಂದಲೇ ಓಡಿಸಿಕೊಂಡು ಬಂದಿದ್ದಾರೆಂದು ಸುದ್ದಿ ಹಬ್ಬಿಸಿದರು. ಐವತ್ತು ದಾಟಿದ ಮನುಷ್ಯ ಬಿದ್ದು ಎದ್ದು ಸಮ್ಮೇಳನಕ್ಕೆ ಬಂದದ್ದೇ ಸಾಕಷ್ಟು ಸೊಗಸಾಗಿರುವಾಗ ಗಾಳಿಸುದ್ದಿಯನ್ನು ಅಸಲು ಎಂದು ದಾಖಲಿಸುವ ಅಗತ್ಯವೇನಿತ್ತು? ತಿಂಡಿಯ ಹೊತ್ತಿನಲ್ಲಿ ಮೇಷ್ಟ್ರ ಕಿವಿಗೆ ಹಾಕಿದೆ. 'ಹಾಗೆ ಹೇಳಿದರೆ ಮಕ್ಕಳು ನಿದ್ದೆ ಬಿಟ್ಟು ಕೇಳುತ್ತಾರಮ್ಮ' ಎಂದು ನಕ್ಕರು. ಈ ಉತ್ತರವನ್ನು ನಾನು ಅಂಗೀಕರಿಸಿಲ್ಲ.

ತಿಂಡಿ: ಇಡ್ಲಿ, ಕಡಲೆಬೀಜದ ಚಟ್ನಿ, ಫ್ಲಾಸ್ಕಿನ ಕಾಫಿ. ಇಡ್ಲಿ ಮೆತ್ತಗಿತ್ತು. ಕಾಫಿ ಸಕ್ಕರೆ ಪಾಕ.

ತಿಂಡಿಯಾದ ಮೇಲೆ ರಂಗನತಿಟ್ಟಿನ ದಡದ ದಾರಿ. ಇಲ್ಲೊಂದು ಹಣಕಾಸಿನ ತಕರಾರು: ಧಾಮದ ಪ್ರವೇಶ ಶುಲ್ಕ 750ರಲ್ಲಿ ಸೇರಿಲ್ಲ ಎಂಬುದು ನಮಗೆ ಗೊತ್ತಾದದ್ದು ಗೇಟಿನ ಮುಂದೆ. ಫೋನಿನಲ್ಲಿ ದೋಣಿಯ ಬಗ್ಗೆ ಅಷ್ಟು ಪ್ರಾಮಾಣಿಕವಾಗಿ ಹೇಳಿದವರು ಇದನ್ನೂ ಹೇಳಬಹುದಿತ್ತು. ಎರವಲು ಕೊಟ್ಟ ಬೈನಾಕ್ಯುಲರ್‌ಗಳಲ್ಲಿ ನನ್ನ ಪಾಲಿಗೆ ಬಂದದ್ದರ ಒಂದು ಕಣ್ಣು ಬೂಷ್ಟು ಹಿಡಿದು ಮಂಜಾಗಿತ್ತು. ಸ್ವಂತದ್ದಿದ್ದರೆ ಒಯ್ಯಿರಿ.

ರಂಗನತಿಟ್ಟಿನ ಕಥೆಯನ್ನು ಮೇಷ್ಟ್ರು ಬಹಳ ಚೊಕ್ಕವಾಗಿ ಹೇಳಿದರು. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಈ ತಿಟ್ಟುಗಳು ಉಂಟಾದವು. ಆ ಮೇಲೆ ಮೂರು ಶತಮಾನ ಹಕ್ಕಿಗಳು ತಮ್ಮ ಪಾಡಿಗೆ ಗೂಡು ಕಟ್ಟಿಕೊಂಡಿದ್ದವು. ಸಲೀಂ ಅಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಬಂದದ್ದು 1939-40ರಲ್ಲಿ. ಇಲ್ಲಿಯ ಕೊಕ್ಕರೆಗಳ ಸಂತೆ ಕಂಡು ಒಡೆಯರ ಮನವೊಲಿಸಿದರು, 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಮಹತ್ವದ ಜೌಗು ನೆಲೆಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್‌ಗೂ ಸೇರಿತು. ಇಷ್ಟು ಫಲಕದಲ್ಲಿ ಓದಿದರೂ ಸಿಗುವ ವಿಷಯ. ಮೇಷ್ಟ್ರು ಅದಕ್ಕೆ ಸೇರಿಸಿದ್ದು ತಾರೀಖುಗಳ ನಡುವಿನ ಒಂದು ಸಂಗತಿ. ಅಲ್ಲಿಯವರೆಗಿನ ಸಮೀಕ್ಷೆಗಳಲ್ಲಿ, ಹೈದರಾಬಾದಿನ ಡೇರೆಗಳಿಂದ ಹಿಡಿದು, ತೆಹ್ಮಿನಾ ಗಂಡನ ಜೊತೆಗಿದ್ದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಸಲೀಂ ಅಲಿ ಕುಸಿದುಹೋದರು. ಮೈಸೂರಿನ ಕಾಡು ಕೆರೆಗಳನ್ನು ಸುತ್ತಿದ ಮನುಷ್ಯ ಹೆಂಡತಿಯನ್ನು ಆಗಷ್ಟೇ ಕಳೆದುಕೊಂಡವನು. ಇದನ್ನು ಹೇಳುವಾಗ ಮೇಷ್ಟ್ರು ಧ್ವನಿ ಬದಲಿಸಲಿಲ್ಲ, ಸಂಭಾಷಣೆ ಹೊಲಿಯಲಿಲ್ಲ. ಬೆಳಿಗ್ಗೆ ಮಿಲಾರ್ಡ್ ಸಾಹೇಬರ ಪಾತ್ರ ಮಾಡಿದವರು ಇವರೇನೇ ಎಂದು ನನಗೆ ಆಶ್ಚರ್ಯವಾಯಿತು.

ಮರಗಳಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ದೊಡ್ಡ ಬಾವಲಿಗಳನ್ನು ತೋರಿಸಿ ಇನ್ನೊಂದು ಹೇಳಿದರು. ಹಕ್ಕಿ ಮನುಷ್ಯನ ಹೆಸರು ಹೊತ್ತ ಬಾವಲಿಯೊಂದು ಇದೆ, ಆದರೆ ಈ ಜಾತಿಯದಲ್ಲ. 1948ರಲ್ಲಿ ಪಶ್ಚಿಮ ಘಟ್ಟದ ಮೇಘಮಲೆಯಲ್ಲಿ ಆಂಗಸ್ ಹಟ್ಟನ್ ಎಂಬುವರು ಹಿಡಿದ ಹಣ್ಣುಬಾವಲಿ ಮುಂಬೈಯ ಸಂಗ್ರಹದಲ್ಲಿ ತಪ್ಪು ಹೆಸರಿನ ಚೀಟಿ ಹೊತ್ತು ಕೂತಿತ್ತು. 1972ರಲ್ಲಿ ಥಾಯ್ಲೆಂಡಿನ ಕಿಟ್ಟಿ ಥೊಂಗ್ಲೊಂಗ್ಯಾ ಅದನ್ನು ನೋಡಿ, ಇದು ಹೊಸ ಕುಲವೇ ಎಂದು ಗುರುತಿಸಿ 'ಲಟಿಡೆನ್ಸ್ ಸಲೀಮಾಲಿಯೈ' ಎಂದು ಹೆಸರಿಟ್ಟರು. ಗುಂಪಿಗೆ ಇದು ಅಷ್ಟೇನೂ ಹಿಡಿಸಲಿಲ್ಲ. ತಪ್ಪು ಖಾತೆಗೆ ಜಮೆಯಾದ ಬಾಬತ್ತು ಇಪ್ಪತ್ತನಾಲ್ಕು ವರ್ಷದ ಮೇಲೆ ಸರಿಹೋದ ಪ್ರಕರಣವೆಂದರೆ ನನಗೆ ಊಟ ಸೇರದಷ್ಟು ಇಷ್ಟ.

ಇಂಥದ್ದೇ ಇನ್ನೂ ದೊಡ್ಡ ಪ್ರಕರಣವನ್ನು ಮೇಷ್ಟ್ರು ಬಿಟ್ಟುಬಿಟ್ಟರು ಎಂಬುದೇ ನನ್ನ ಕೊನೆಯ ದೂರು. 1937ರಲ್ಲಿ ಸಲೀಂ ಅಲಿ ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಪಕ್ಷಿತಜ್ಞನ ಜೊತೆ ಅಫ್ಘಾನಿಸ್ತಾನ ಸುತ್ತಿದರು. ಆತ ದಿನಚರಿಯಲ್ಲಿ ಸಲೀಂ ಅಲಿಯನ್ನು ಹೀನಾಯವಾಗಿ ಬರೆದಿದ್ದ. ಪುಸ್ತಕದ ವಿದ್ಯೆ ಇದೆ, ಕೈಕೆಲಸ ಗೊತ್ತಿಲ್ಲ ಎಂಬ ಧಾಟಿ. ಸಲೀಂ ಅಲಿ ಆ ಸಾಲುಗಳನ್ನು ತಮ್ಮ ಆತ್ಮಕಥೆಯಲ್ಲಿ ತಾವೇ ಉದ್ಧರಿಸಿ ನಕ್ಕುಬಿಟ್ಟರು. ಆಮೇಲೆ, ಇಬ್ಬರೂ ತೀರಿಕೊಂಡ ಮೇಲೆ, ಕರ್ನಲ್ಲನ ಖಾತೆ ತಪಾಸಣೆಗೆ ಬಂತು. ಬೇರೆಯವರು ಸಂಗ್ರಹಿಸಿದ ಹಕ್ಕಿಗಳನ್ನು ವಸ್ತುಸಂಗ್ರಹಾಲಯಗಳಿಂದ ಕದ್ದು, ಚೀಟಿ ಬದಲಿಸಿ, ತಾನೇ ಇಂಥ ಊರಲ್ಲಿ ಇಂಥ ದಿನ ಹೊಡೆದದ್ದೆಂದು ಬರೆದಿದ್ದ! ಮಧ್ಯ ಭಾರತದ ಕಾಡಿನ ಒಂದು ಪುಟ್ಟ ಗೂಬೆಯನ್ನು 1914ರಲ್ಲಿ ಗುಜರಾತಿನಲ್ಲಿ ಹಿಡಿದೆನೆಂಬ ಅವನ ಚೀಟಿ ನಂಬಿ, ಸಲೀಂ ಅಲಿಯವರ ಸಹಲೇಖಕ ಡಿಲನ್ ರಿಪ್ಲಿ ಅಲ್ಲಿ ಹುಡುಕಿ ಬರಿಗೈಯಲ್ಲಿ ಮರಳಿದ್ದರು. ಸುಳ್ಳು ಚೀಟಿಯನ್ನು ಪತ್ತೆ ಹಚ್ಚಿ ಪಕ್ಕಕ್ಕಿಟ್ಟ ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ಮತ್ತು ಸಂಗಡಿಗರು 1997ರಲ್ಲಿ ಮಹಾರಾಷ್ಟ್ರದ ಕಾಡಿನಲ್ಲಿ ಹುಡುಕಿದರು. 1884ರ ನಂತರ ಸಾಚಾ ದಾಖಲೆಯೇ ಇಲ್ಲದ ಗೂಬೆ ಹಗಲು ಬೆಳಕಿನಲ್ಲೇ ಕೊಂಬೆಯ ಮೇಲೆ ಕೂತಿತ್ತು. ಕೈಗೆ ನೋಟ್ ಪುಸ್ತಕ ಕೊಟ್ಟು 'ಕಂಡದ್ದನ್ನು ಬರೆಯಿರಿ' ಎನ್ನುವ ಮೇಷ್ಟ್ರಿಗೆ ಇದಕ್ಕಿಂತ ಒಪ್ಪುವ ಕಥೆ ಬೇರೆ ಇದೆಯೇ? ಕೇಳಿದೆ. 'ಬೇರೆಯವರ ದೋಷ ಆಡುವುದು ಬೇಡವೆಂದು ಬಿಟ್ಟೆ' ಎಂದರು. ಉಪ್ಸಾಲಾದ ಹೊತ್ತಿನಲ್ಲಿ ಮಾತ್ರ ಈ ಸಂಕೋಚ ಕಾಣಲಿಲ್ಲ.

ಹೋಗಬಹುದೇ ಎಂದರೆ, ಹೋಗಿ. ಗೀಜಗ ಗೂಡು ಕಟ್ಟುವ ಮಳೆಗಾಲದಲ್ಲೇ ಹೋಗಿ. ದೋಣಿ ನಿಂತಿದ್ದರೂ ನಷ್ಟವಿಲ್ಲ. ರಂಗನತಿಟ್ಟಿನ ಕೊಕ್ಕರೆಗಳ ಸಂಸಾರವೇ ಬೇಕೆನ್ನುವವರು ಬೇಸಿಗೆಯ ಮೊದಲು ಬನ್ನಿ, ಆದರೆ ಆಗ ಗೀಜಗನ ಪಾಠ ಸಿಗುವುದಿಲ್ಲ. ತೀರಾ ಚಿಕ್ಕ ಮಕ್ಕಳಿಗೆ ಬೇಡ, ಹದಿನೈದು ನಿಮಿಷ ಸುಮ್ಮನೆ ಕೂರಿಸುವುದು ಕಷ್ಟ. ಮಂಡಿ ನೋವಿರುವವರು ನಾಲೆಯ ಏರಿಯಲ್ಲಿ ಜಾರುತ್ತದೆಂಬುದನ್ನು ನೆನಪಿಡಬೇಕು; ಮೇಷ್ಟ್ರು ಕೈ ಹಿಡಿದು ಇಳಿಸುತ್ತಾರೆ, ಆದರೆ ಅವರಿಗೂ ವಯಸ್ಸಾಗಿದೆ. ಮುಂಗಡ ಕೊಟ್ಟರೆ ರಸೀದಿ ಕೇಳಿ ಪಡೆಯಿರಿ, ಕೇಳದಿದ್ದರೆ ಕೊಡುವುದಿಲ್ಲ. ಪ್ರವೇಶ ಶುಲ್ಕಕ್ಕೆ ಬೇರೆ ದುಡ್ಡು ಇಟ್ಟುಕೊಳ್ಳಿ. ಐದಕ್ಕೆ ಮೂರೂವರೆ ನಕ್ಷತ್ರ. ಯಜಮಾನರು ಐದೂ ಕೊಡಬೇಕೆನ್ನುತ್ತಾರೆ, ಅವರದನ್ನು ಅವರೇ ಬರೆದುಕೊಳ್ಳಲಿ.